ಸಾಕು ಅನ್ನುವವರೆಗೆ

ಮೀನು ಮಾರುವವಳಿಗೆ ಅದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದವರಿದ್ದಾರೆ. ಎದುರಿಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೋಡಿಯ ಸುಗುಣಳ ಬಾಯಿ ಎಂಥದ್ದೆಂದು ಕುಂದಾಪುರದ ಮೀನು ಮಾರ್ಕೆಟ್ಟಿಗೆಲ್ಲ ಗೊತ್ತು. ಬಂಗುಡೆ ಮೂಸಿ ನೋಡಿ ಮುಖ ಸಿಂಡರಿಸುವ ಗಿರಾಕಿಯನ್ನು, ‘ಮೂಸಿ ಕಾಂಬುಕೆ ಇದೆಂತ ಮಲ್ಲಿಗಿಯಾ’ ಎಂದು ಕೇಳಿ ಓಡಿಸಿದವಳು ನಾನು. ಹಾಗಾಗಿ ಜನ ಬೆನ್ನ ಹಿಂದೆ ಆಡಿಕೊಂಡರು. ಕಾಯಿಲೆ ಬಂದ ಎದೆಯನ್ನು ತೆಗೆಸಿದ್ದು ಸರಿ, ಜೀವ ಉಳಿಯಬೇಕಲ್ಲ. ಆದರೆ ಅದರ ಜಾಗದಲ್ಲಿ ಸಿಲಿಕಾನಿನದ್ದೊಂದು ಕೂರಿಸಿಕೊಂಡು ಬಂದಳಂತೆ, ನಲವತ್ತರ ಹತ್ತಿರ ಬಂದವಳು, ಯಾರಿಗೆ ತೋರಿಸಲಿಕ್ಕೆ?

ಯಾರಿಗೂ ತೋರಿಸಲಿಕ್ಕಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಎರಡೂ ಕೈ ಎತ್ತಿ ನಡೆಯುವ ಹೆಂಗಸಿಗೆ ಸೆರಗು ಸರಿಮಾಡಿಕೊಳ್ಳಲು ಮೂರನೆಯ ಕೈ ಇರುವುದಿಲ್ಲ. ಒಂದು ಕಡೆ ತುಂಬಿ ಒಂದು ಕಡೆ ಬರಿದಾದ ರವಿಕೆಯನ್ನು ಊರಿಗೆಲ್ಲ ತೋರಿಸುತ್ತ ನಡೆಯಲು ನನಗೆ ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕನ್ನಡಿಯ ಮುಂದೆ ನಿಂತಾಗ ನನಗೆ ನಾನು ಬೇಕಿತ್ತು. ಇಷ್ಟು ಹೇಳಿದರೆ ಅರ್ಥವಾಗದವರಿಗೆ ಇನ್ನು ಹೇಳಿಯೂ ಉಪಯೋಗವಿಲ್ಲ.

ಈಗ ನಾನು ಹೇಳಲು ಹೊರಟದ್ದು ನನ್ನ ಎದೆಯ ಕತೆ ಮಾತ್ರ ಅಲ್ಲ. ನನ್ನ ಅಬ್ಬಿಯ ಕೈಯ ಕತೆಯೂ ಹೌದು.

ಅಬ್ಬಿ, ಅಂದರೆ ನನ್ನ ಅಮ್ಮ ಜಲಜ, ಬಾಳಂತಿಯರನ್ನು ಮೀಯಿಸುವ ಹೆಂಗಸು. ನಮ್ಮ ಕಡೆ ಹೆರಿಗೆಯಾದ ಮನೆಯ ಬಚ್ಚಲಲ್ಲಿ ಬೆಳಿಗ್ಗೆ ಹಂಡೆ ತುಂಬ ನೀರು ಕಾಯಬೇಕು, ಅದರಲ್ಲಿ ಲಕ್ಕಿ ಸೊಪ್ಪು ಬೇಯಬೇಕು, ಬಾಳಂತಿಯ ಮೈಗೆ ಎಣ್ಣೆ ತಿಕ್ಕಿ, ಬೆನ್ನಿಗೂ ಸೊಂಟಕ್ಕೂ ಆ ನೀರನ್ನು ಬೀಸಿ ಬೀಸಿ ಹೊಯ್ಯಬೇಕು. ಅದಕ್ಕೊಂದು ಪಳಗಿದ ಕೈ ಬೇಕು. ಅಬ್ಬಿಯನ್ನು ಈಚೆ ಸಾಸ್ತಾನದಿಂದಲೂ ಆಚೆ ಬೈಂದೂರಿನಿಂದಲೂ ಕರೆಯುತ್ತಿದ್ದರು. ಕಾಡಂಚಿನ ಕೆರಾಡಿಯವರು ಕರೆದರೆ ಬಾಳಂತನ ಮುಗಿಯುವವರೆಗೆ ಅಲ್ಲಿಯೇ ಉಳಿದು, ಬರುವಾಗ ಮೀನು ಕಾಣದ ತನ್ನ ಬಾಯಿಯನ್ನು ಬೈದುಕೊಳ್ಳುತ್ತ ಬರುತ್ತಿದ್ದಳು.

ಅವಳ ನಿಜವಾದ ಹೆಸರುವಾಸಿ ಬೇರೆಯದಕ್ಕೆ. ಹಾಲು ಕಟ್ಟಿ ಎದೆ ಕಲ್ಲಾಗಿ, ಜ್ವರ ಬಂದು, ಮಗುವನ್ನು ಹತ್ತಿರ ತಂದರೂ ಚೀರುವ ಎಳೆ ಬಾಳಂತಿಯರಿಗೆ ಅವಳು ಶೇಕ ಕೊಡುತ್ತಿದ್ದಳು. ಕಲ್ಲುಪ್ಪನ್ನೂ ತೌಡನ್ನೂ ಬಾಣಲೆಯಲ್ಲಿ ಹುರಿದು, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಎದೆಯ ಮೇಲೆ ಒತ್ತಿ ಹಿಡಿಯುವುದು. ಒತ್ತುತ್ತ ಒತ್ತುತ್ತ ಗಡ್ಡೆ ಬಿಡುತ್ತಿತ್ತು, ಹಾಲು ಇಳಿಯುತ್ತಿತ್ತು, ಹುಡುಗಿ ಅಳುತ್ತಲೇ ನಗುತ್ತಿದ್ದಳು.

ವರ್ಷಾನುಗಟ್ಟಲೆ ಬಿಸಿ ನೀರಿನಲ್ಲಿ ಆಡಿದ ಅಬ್ಬಿಯ ಅಂಗೈ ದಪ್ಪಗಟ್ಟಿ ಹೋಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಹಾಗಾಗಿ ಶೇಕಕ್ಕೆ ಕೂರಿಸುವ ಪ್ರತಿಯೊಬ್ಬಳಿಗೂ ಮೊದಲೇ ಒಂದು ಮಾತು ಹೇಳುತ್ತಿದ್ದಳು. ನಾನು ಹೆತ್ತಾಗ ನನಗೂ ಹೇಳಿದ್ದಳು.

“ಕಾಣ್ ಮಗಾ, ಬಿಸಿ ನನ್ ಕೈಗ್ ಗೊತ್ತಾತಿಲ್ಲೆ. ಆಪಷ್ಟ್ ತಡ್ಕೋ, ಆತಿಲ್ಲೆ ಅಂದ್ರೆ ಸಾಕ್ ಅಂತ ಹೇಳ್. ನೀ ಸಾಕ್ ಅಂಬುವರಿಗೂ ನಾ ಕೈ ತೆಗಿತಿಲ್ಲೆ.”

ಇಷ್ಟೇ ಅವಳ ಶಾಸ್ತ್ರ. ಅಳತೆ ಅವಳ ಕೈಯಲ್ಲಿರಲಿಲ್ಲ, ಹುಡುಗಿಯರ ಬಾಯಲ್ಲಿತ್ತು. ಯಾರಿಗೂ ಒಂದು ಬೊಬ್ಬೆ ಎದ್ದದ್ದಿಲ್ಲ.

ನನ್ನ ಗಡ್ಡೆಯನ್ನು ಮೊದಲು ಕಂಡುಹಿಡಿದದ್ದೂ ಅದೇ ಕೈ. ಎರಡು ಸಾವಿರದ ಏಳರ ದೀಪಾವಳಿ. ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ ಮನೆಯವರಿಗೆಲ್ಲ ಎಣ್ಣೆ ತಿಕ್ಕಿ ಮೀಯಿಸುವುದು ಅವಳ ಹಕ್ಕು. ನನಗೆ ಎಷ್ಟು ವಯಸ್ಸಾದರೂ ಆ ಒಂದು ದಿನ ಅವಳ ಮುಂದೆ ಮಣೆಯ ಮೇಲೆ ಕೂರಲೇಬೇಕು. ಎಡ ಎದೆಯ ಪಕ್ಕಕ್ಕೆ ಎಣ್ಣೆ ಸವರುತ್ತಿದ್ದ ಕೈ ನಿಂತಿತು.

“ಇದೆಂತ?”

“ಎಂತ ಅಬ್ಬಿ?”

“ಹಾಲಿನ್ ಗಡ್ಡಿ ಅಲ್ಲ ಇದ್. ಹಾಲಿಂದಾರೆ ಕೈಯಡಿಗ್ ಜಾರತ್ತ್. ಇದ್ ಬೇರ್ ಬಿಟ್ಟ್ ಕೂಕಂಡಿತ್. ನಾಳಿಯೇ ಡಾಕ್ಟ್ರಿಗ್ ತೋರ್ಸ್ಕ್.”

ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ನಾನೇ ಬೈದೆ. ಆದರೆ ಅವಳು ಬಿಡಲಿಲ್ಲ. ನನ್ನ ಗಂಡ ಲೀಲಾಧರ ಗಂಗೊಳ್ಳಿಯಲ್ಲಿ ಒಂದು ಮೀನು ಬೋಟಿನ ತಾಂಡೇಲ, ಅಂದರೆ ಬೋಟಿಗೆ ಅವನೇ ಯಜಮಾನ. ಮನೆಯಲ್ಲಿ ಮಾತ್ರ ನಮ್ಮ ಅಬ್ಬಿಯ ಮಾತಿಗೆ ಎದುರಾಡಿದವನಲ್ಲ. ಮರುದಿನವೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ಎದೆ ತೆಗೆಯಬೇಕು ಎಂದರು. ಬೇಕಾದರೆ ಒಳಗೆ ಇಂಪ್ಲಾಂಟ್ ಇಟ್ಟು ಮೊದಲಿನ ರೂಪ ಕೊಡಬಹುದು ಎಂದೂ ಹೇಳಿ, ಲೀಲಾಧರನ ಮುಖ ನೋಡಿದರು. ಅವನು, “ಅವ್ಳ್ ಹೇಳ್ದಂಗೆ” ಎಂದ. ಆ ಮಾತಿಗೆ ನಾನು ಅವನನ್ನು ಇವತ್ತಿಗೂ ಮೆಚ್ಚುತ್ತೇನೆ. ಅವನ ಉಳಿದ ಪೆದ್ದುತನಗಳನ್ನೆಲ್ಲ ಅದೊಂದರಲ್ಲಿ ಮಾಫಿ ಮಾಡಿದ್ದೇನೆ.

ಆಪರೇಷನ್ ಆಗಿ, ಮದ್ದು ಹೊಯ್ಯುವುದೆಲ್ಲ ಮುಗಿದು, ತಲೆಯ ಮೇಲೆ ಮತ್ತೆ ಕೂದಲು ಚಿಗುರುವ ಹೊತ್ತಿಗೆ ನಾನು ಅಬ್ಬಿಯ ಮನೆಯಲ್ಲಿದ್ದೆ. ಒಂದು ದಿನ ಅವಳು ಬಾಗಿಲು ಮುಂದೆ ಮಾಡಿ, “ಕಾಂಬ, ತೋರ್ಸ್” ಎಂದಳು. ನೋಡಿದಳು. ಇಡೀ ಕರಾವಳಿಯ ಎದೆಗಳನ್ನು ಕಂಡ ಹೆಂಗಸು, ಸುಮ್ಮನೆ ಹೊಗಳುವವಳಲ್ಲ. “ಲಾಯ್ಕ್ ಮಾಡಿರ್. ಸೀರಿ ಉಟ್ರೆ ಯಾರಿಗೂ ಗೊತ್ತಾತಿಲ್ಲೆ” ಎಂದಳು. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು.

“ಮುಟ್ಟಿರೆ ಗೊತ್ತಾತ್ತಾ?”

ಗೊತ್ತಾಗುತ್ತಿರಲಿಲ್ಲ. ಪಕ್ಕೆಲುಬಿನ ಕಡೆಗೆ ಸ್ವಲ್ಪ, ಕಂಕುಳ ಹತ್ತಿರ ಸ್ವಲ್ಪ. ನಡುವೆ ಏನೂ ಇಲ್ಲ. ನನ್ನ ಮೈಯ ಮೇಲೆ ಯಾರೋ ಬೇರೆಯವರ ಮೈಯನ್ನು ಇಟ್ಟ ಹಾಗೆ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಜಾಗ್ರತೆ ಎಂದು. ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಜಾಗ್ರತೆ ಎನ್ನುತ್ತಾರೆ. ಯಾವುದಕ್ಕೆ ಎಂದು ಕೇಳಬೇಕೆಂದು ನಮಗೆ ಹೊಳೆಯುವುದಿಲ್ಲ. ಅಬ್ಬಿಯ ಮುಖ ನನ್ನ ಉತ್ತರಕ್ಕೆ ಕಾಯುತ್ತಿತ್ತು. ಅಷ್ಟು ತಿಂಗಳಲ್ಲಿ ಅವಳು ನನ್ನ ಮುಂದೆ ಒಮ್ಮೆಯೂ ಅತ್ತಿರಲಿಲ್ಲ, ಆದರೆ ಅವಳ ಕಣ್ಣ ಸುತ್ತ ಕಪ್ಪು ಇಳಿದಿತ್ತು.

“ಗೊತ್ತಾತ್ತ್ ಅಬ್ಬಿ” ಎಂದೆ.

“ಹಾಂಗಾರೆ ಇದ್ ನಿನ್ ಮೈಯೇ ಆಯ್ತ್” ಎಂದು ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದಳು. ಆ ದಿನ ಕಾಣೆ ಮೀನಿನ ಸಾರು ಮಾಡಿದಳು. ನಾನು ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ವರ್ಷ ತುಂಬುವ ಮೊದಲೇ ಅದು ಬಿಗಿಯತೊಡಗಿತು. ಒದ್ದೆ ಹಗ್ಗ ಬಿಸಿಲಿಗೆ ಒಣಗುತ್ತ ಗಂಟು ಬಿಗಿಯುತ್ತದಲ್ಲ, ಹಾಗೆ. ಮೊದಲು ಎಡಗೈ ಮೇಲೆತ್ತಲು ಕಷ್ಟವಾಯಿತು. ಆಮೇಲೆ ಪಕ್ಕೆಯಲ್ಲಿ ನೋವು ಕೂತಿತು. ಮಲಗಿದರೆ ನೋವು, ಕೆಮ್ಮಿದರೆ ನೋವು. ಕೈ ಇಟ್ಟು ನೋಡಿದರೆ ಎದೆ ಕಲ್ಲಿನ ಹಾಗೆ ಗಟ್ಟಿ, ಆಕಾರವೂ ಮೇಲಕ್ಕೆ ಸರಿದ ಹಾಗಿತ್ತು. ಇಷ್ಟೆಲ್ಲ ಕಷ್ಟಪಟ್ಟು ಪಡೆದದ್ದು ಹೀಗೆ ಕೈಕೊಡುತ್ತಿದೆಯಲ್ಲ ಎಂದು ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಡಾಕ್ಟರಮ್ಮ ತಾಳ್ಮೆಯಿಂದ ತಿಳಿಸಿ ಹೇಳಿದರು. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಕುಗ್ಗಿ ಬಿಗಿಯುತ್ತದೆ. ಯಾರ ತಪ್ಪೂ ಅಲ್ಲ. ಇನ್ನೊಂದು ಆಪರೇಷನ್ ಮಾಡಿ ಪೊರೆ ಬಿಡಿಸಬಹುದು, ಅವಸರವಿಲ್ಲ. ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದ ಮೇಲೆ ಲೀಲಾಧರನಿಗೆ ಬಿಡುವು, ಆಗ ಮಾಡಿಸೋಣ ಎಂದು ಮಾತಾಯಿತು. ಆಗಿನ್ನೂ ಬೇಸಿಗೆ. ನೋವಿನ ಗುಳಿಗೆ ಹಿಡಿದುಕೊಂಡು ನಾನು ಮತ್ತೆ ಕೋಡಿಗೆ, ಅಬ್ಬಿಯ ಮನೆಗೆ ಬಂದೆ.

ಅಬ್ಬಿಗೆ ಪೊರೆಯ ಕತೆ ಹೇಳಿದೆ. ಅವಳು ಕೈ ಇಟ್ಟು ನೋಡಿದಳು. ಬೆರಳುಗಳು ಅಲ್ಲಲ್ಲಿ ಒತ್ತಿದವು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವು ಕಂಡಿತು, ಗೊತ್ತಿರುವ ದಾರಿಗೆ ಬಂದು ಮುಟ್ಟಿದವರ ಮುಖದಂತೆ.

“ಇದ್ ಹಾಲ್ ಕಟ್ಟಿದಂಗೇ ಇತ್ತಲೇ ಹೆಣೆ. ಕಟ್ಟಿದ್ ಬಿಡುಕೆ ಕೊಯ್ಯುದ್ ಎಂತಕ್? ಶೇಕ ಕೊಟ್ರೆ ತನ್ನಷ್ಟಕ್ಕೇ ಬಿಡತ್ತ್.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನಗೆ ಹಾಗೆನ್ನುವ ಮನಸ್ಸು ಬರಲಿಲ್ಲ. ಆಸ್ಪತ್ರೆಯಲ್ಲಿ ನನಗಾಗಿ ಮಾಡಲು ಅವಳಿಗೆ ಏನೂ ಇರಲಿಲ್ಲ. ಬೆಂಚಿನ ಮೇಲೆ ಗಂಜಿಯ ಡಬ್ಬಿ ಹಿಡಿದು ಕೂರುವುದು, ಯಾರಾದರೂ ಬಿಳಿ ಕೋಟು ಹಾಕಿದವರು ಹೋದರೆ ಎದ್ದು ನಿಲ್ಲುವುದು, ಅಷ್ಟೇ. ಊರ ಹೆಣ್ಣುಮಕ್ಕಳ ನೋವನ್ನೆಲ್ಲ ಇಳಿಸಿದವಳಿಗೆ ಸ್ವಂತ ಮಗಳ ಮುಂದೆ ಕೈಕಟ್ಟಿ ಕೂರಬೇಕಾಗಿತ್ತು. ಈಗ ಅವಳು ಬಾಣಲೆ ಇಟ್ಟು ತೌಡು ಹುರಿಯುತ್ತಿದ್ದಳು. ಅದರ ಪರಿಮಳ ಮನೆಯೆಲ್ಲ ತುಂಬಿತು. ನಾನು ಬಾಳಂತಿಯಾಗಿದ್ದ ದಿನಗಳು ನೆನಪಾದವು.

ಮಧ್ಯಾಹ್ನದ ಊಟದ ಮೇಲೆ ಚಾಪೆಯ ಮೇಲೆ ಮಲಗಿದೆ. ಅಬ್ಬಿ ಪಕ್ಕದಲ್ಲಿ ಕೂತು ಗಂಟನ್ನು ಎದೆಯ ಮೇಲೆ ಇಟ್ಟು ಒತ್ತಿದಳು. ಬಿಸಿ ಪಕ್ಕೆಲುಬಿಗೆ ಹರಿಯಿತು. ತಿಂಗಳುಗಟ್ಟಲೆ ಕಚ್ಚಿ ಹಿಡಿದಿದ್ದ ನೋವು ಮೊದಲ ಸಲ ಸಡಿಲವಾಯಿತು. ಅಷ್ಟು ಹಿತ, ಕಣ್ಣಲ್ಲಿ ನೀರು ಬಂತು.

“ಸಾಕಾ?”

“ಇಲ್ಲೆ ಅಬ್ಬಿ. ಇನ್ನೂ ಇರ್ಲಿ.”

ಗಂಟು ಆರಿದಾಗ ಮತ್ತೆ ಬಿಸಿ ಮಾಡಿ ತಂದಳು. ಮತ್ತೆ ಕೇಳಿದಳು. ನಾನು ಇರಲಿ ಎಂದೆ. ಕಡಲಿನ ಸದ್ದು ಕೇಳುತ್ತ ಹಾಗೇ ಜೊಂಪು ಹತ್ತಿತು. ಅವಳು ಸಾಕು ಎನ್ನುವ ಮಾತಿಗೆ ಕಾಯುತ್ತ ಕೂತಳು. ಬಿಸಿ ಗೊತ್ತಾಗದ ಕೈ, ಬಿಸಿ ಗೊತ್ತಾಗದ ಎದೆ. ನಡುವೆ ನಾವಿಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ಇದ್ದೆವು.

ಮರುದಿನ ಬೆಳಿಗ್ಗೆ ರವಿಕೆ ಒದ್ದೆಯಾಗಿತ್ತು. ಬಿಚ್ಚಿ ನೋಡಿದರೆ ದೊಡ್ಡ ಬೊಬ್ಬೆಗಳು. ಒಂದು ಒಡೆದಿತ್ತು. ನಡುವಿನ ಚರ್ಮ ಬೆಳ್ಳಗೆ, ಸುತ್ತ ಕೆಂಪಗೆ. ಮುಟ್ಟಿದರೆ ನೋವಿಲ್ಲ. ನೋವಿಲ್ಲದ ಗಾಯ ಕಂಡರೆ ಆಗುವ ಹೆದರಿಕೆ ನೋವಿರುವ ಗಾಯಕ್ಕೆ ಆಗುವುದಿಲ್ಲ. ಬಾಗಿಲ ಚಿಲಕ ಹಾಕಿ ನಿಂತು, ಏನು ನಡೆದದ್ದೆಂದು ಅರ್ಥವಾಗುತ್ತಿದ್ದ ಹಾಗೆ ನನಗೆ ಮೊದಲು ಹೊಳೆದದ್ದು ಒಂದೇ. ಇದು ಅಬ್ಬಿಗೆ ಗೊತ್ತಾಗಬಾರದು.

ಹಳೆಯ ಪಂಚೆಯ ತುಂಡು ಸುತ್ತಿಕೊಂಡು, ಮೇಲೆ ಸಡಿಲ ರವಿಕೆ ಹಾಕಿ, ಚೆಕಪ್ಪಿಗೆ ಹೋಗಬೇಕು ಎಂದೆ. ಬೋಟಿನಿಂದ ಆಗಷ್ಟೇ ಇಳಿದು ಬಂದು ಮಲಗಿದ್ದ ಲೀಲಾಧರನನ್ನು ಎಬ್ಬಿಸಿ ಹೊರಟೆ. ಅಬ್ಬಿ ಬಾಗಿಲಲ್ಲಿ ನಿಂತು, “ಈಗ ಹಗುರ ಆಯ್ತಾ?” ಎಂದು ಕೇಳಿದಳು. “ಆಯ್ತ್ ಅಬ್ಬಿ” ಎಂದೆ.

ಆಸ್ಪತ್ರೆಯಲ್ಲಿ ಏನಿಟ್ಟಿರಿ ಎಂದು ಡಾಕ್ಟರಮ್ಮ ಕೇಳಿದರು. ಬಿಸಿ ನೀರಿನ ಚೀಲ ಎಂದೆ. ಯಾರು ಇಟ್ಟದ್ದು ಎಂದರು. ನಾನೇ ಎಂದೆ. ಅವರು ಬೈಯಲಿಲ್ಲ, ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಅಲ್ಲಿನ ಚರ್ಮ ಬಹಳ ತೆಳು, ಕೆಳಗೆ ಮಾಂಸವಿಲ್ಲ, ಸುಟ್ಟರೆ ಮಾಯಲು ಕಷ್ಟ ಎಂದರು. ಉಳಿಸಲು ನೋಡಿದರು. ದಿನಾ ಬ್ಯಾಂಡೇಜು ಬದಲಿಸಿದರು. ಬೆಳ್ಳಗಿದ್ದದ್ದು ಕಪ್ಪಾಯಿತು, ಕಪ್ಪಾದದ್ದು ಬಿರಿಯಿತು, ಬಿರುಕಿನೊಳಗಿಂದ ಆ ಸಿಲಿಕಾನಿನ ಚೀಲ ಹೊಳೆಯುತ್ತ ಇಣುಕಿತು. ನನ್ನ ಮೈ ಒಡೆದು ಒಳಗಿನ ಸುಳ್ಳು ಹೊರಗೆ ಬಂದ ಹಾಗೆ ಕಂಡಿತು. ಮತ್ತೆ ಆಪರೇಷನ್. ಅದನ್ನು ತೆಗೆದು, ಚರ್ಮ ಎಳೆದು ಹೊಲಿದರು. ಇನ್ನು ಅಲ್ಲಿ ಏನನ್ನೂ ಇಡಲಾಗದು ಎಂದರು.

ಗಾಯದ ಮೇಲೆ ಬರೆ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ನನಗೆ ಮೊದಲ ಸಲ ಎದೆ ಹೋದಾಗ ಜೀವ ಉಳಿಯಿತಲ್ಲ ಎಂಬ ಸಮಾಧಾನ ಇತ್ತು. ಎರಡನೆಯ ಸಲ ಯಾವ ಸಮಾಧಾನವೂ ಇರಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿ ಅತ್ತೆ. ಮೀನು ಮಾರ್ಕೆಟ್ಟಿನ ಸುಗುಣ ಹೀಗೆ ಅಳುತ್ತಾಳೆಂದು ಯಾರಿಗೂ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ.

ಲೀಲಾಧರನಿಗೆ ನಿಜ ಹೇಳಿದ್ದೆ. ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಆ ದಿನ ಬಂತು.

“ನಿನ್ನಬ್ಬಿಗ್ ಹೇಳ್ಕ್ ಇದನ್ನ. ನಾಳಿಗ್ ಇನ್ನೊಬ್ಳಿಗ್ ಹಿಂಗೇ ಆರೆ ಎಂತ ಮಾಡುದ್?”

“ಇನ್ನೊಬ್ರ್ ಯಾರಿಗೂ ಇಲ್ಲೆ ಇದ್. ಅವ್ರೆಲ್ಲ ಸಾಕ್ ಅಂಬ್ರ್. ನಾನೊಬ್ಳೇ ಅನ್ಲಿಲ್ಲೆ.”

“ಆರೂ...”

“ಹ್ವಾಯ್, ಕೇಣಿ ಇಲ್ಲಿ. ನನ್ ಗಡ್ಡಿ ಕಂಡ್ಹಿಡ್ದದ್ ಆ ಕೈ. ನೀವ್ ಬಾಯ್ ಬಿಟ್ರೆ ಆ ಕೈ ಮತ್ತ್ ಯಾರನ್ನೂ ಮುಟ್ಟುದಿಲ್ಲೆ. ಅಬ್ಬಿ ಮತ್ತೆ ಬದ್ಕುದಿಲ್ಲೆ.”

ಅಷ್ಟರಲ್ಲಿ ಅಬ್ಬಿ ಬಂದಳು, ಬಸ್ಸಿನ ಧೂಳು ಮೆತ್ತಿದ ಕಾಲು, ಕೈಯಲ್ಲಿ ಗಂಜಿಯ ಡಬ್ಬಿ. ನನ್ನ ಹೊದಿಕೆಯ ಎಡಭಾಗ ಚಪ್ಪಟೆಯಾಗಿದ್ದದ್ದು ಅವಳಿಗೆ ಕಂಡಿತು. ಕೂತಳು.

“ಒಳ್ಗೆ ಕೀವ್ ಆಯ್ತಂಬ್ರ್ ಅಬ್ಬಿ. ಮೈಗ್ ಹಿಡಿಲಿಲ್ಲೆ ಅಂಬ್ರ್. ಕೆಲವ್ರಿಗ್ ಹಾಂಗ್ ಆತ್ತಂಬ್ರ್.”

“ಹೌದಾ” ಎಂದಳು. ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. “ನಾ ಕೊಟ್ಟ್ ಶೇಕದಿಂದ ಎಂತದೂ ಆಯ್ಲಿಲ್ಲೆ ಅಲ್ದಾ?”

“ಅದ್ರಿಂದ ಎಂತ ಆತ್ತ್? ಅದೊಂದ್ ದಿನವೇ ನಂಗ್ ಸಮಾ ನಿದ್ರಿ ಬಂದದ್.”

ಅಬ್ಬಿ ಲೀಲಾಧರನ ಕಡೆ ನೋಡಿದಳು. ಅವನು, “ಹೌದ್ ಅತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲೆ” ಎಂದ. ಕಡಲಿನ ಮೇಲೆ ಗಾಳಿಯ ದಿಕ್ಕು ಹೇಳುವವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಅಬ್ಬಿ ತಲೆಯಾಡಿಸಿದಳು. ಗಂಜಿ ಬಡಿಸಿದಳು. ಗೆದ್ದೆ ಎಂದುಕೊಂಡೆ.

ಆಮೇಲಿನ ವರ್ಷಗಳನ್ನು ಏನೆಂದು ಹೇಳಲಿ. ಕನ್ನಡಿಯನ್ನು ಮೇಲಕ್ಕೆ ಸರಿಸಿ ಮೊಳೆ ಹೊಡೆದೆ, ಮುಖ ಮಾತ್ರ ಕಾಣುವ ಹಾಗೆ. ರವಿಕೆಯೊಳಗೆ ಬಟ್ಟೆ ಮಡಚಿ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೋದೆ. ಬುಟ್ಟಿ ಹೊರಲು ಆಗದೆ ಒಂದೇ ಜಾಗದಲ್ಲಿ ಕೂತು ಮಾರಿದೆ. ಪಾಪ ಎಂದವರಿಗೆ ಬೈದೆ, ಪಾಪ ಎನ್ನದವರಿಗೂ ಬೈದೆ. ಲೀಲಾಧರ ಒಮ್ಮೆ ಆ ಹೊಲಿಗೆಯ ಮೇಲೆ ಕೈ ಇಟ್ಟ. ತೆಗೆದುಬಿಡಿ ಎಂದೆ. ಅವನಿಗೆ ಅದು ಬೇಸರವಾಯಿತೋ ನನಗೆ ಗೊತ್ತಿಲ್ಲ. ಮತ್ತೆ ಅವನು ಕೈ ಇಡಲಿಲ್ಲ. ಆ ಸುಖದ ಮಧ್ಯಾಹ್ನ, ಆ ತೌಡಿನ ಪರಿಮಳ ಮಾತ್ರ ಈಗಲೂ ನೆನಪಾಗುತ್ತದೆ. ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ಸುಟ್ಟಿರಲಿಲ್ಲ.

ಅಬ್ಬಿ ಬಾಳಂತಿ ಮೀಯಿಸಲು ಹೋಗುವುದನ್ನು ಕಡಿಮೆ ಮಾಡಿದಳು. ಸೊಂಟ ನೋವು ಎಂದಳು. ಸಾಸ್ತಾನದವರು ಆಟೋ ತಂದು ನಿಲ್ಲಿಸಿದರೂ ಹೋಗಲಿಲ್ಲ. ವಯಸ್ಸು ಎಂದುಕೊಂಡೆ. ಬಚ್ಚಲಿಗೆ ಹೋದರೆ ಚಿಲಕ ಹಾಕಿಕೊಳ್ಳತೊಡಗಿದಳು, ಮೊದಲೆಲ್ಲ ಅಂಗಳದ ಬಾವಿಕಟ್ಟೆಯಲ್ಲೇ ಎದೆಗೆ ಒಂದು ಸೀರೆ ಸುತ್ತಿ ನೀರು ಹೊಯ್ದುಕೊಳ್ಳುತ್ತಿದ್ದವಳು. ಅದಕ್ಕೂ ವಯಸ್ಸು ಎಂದುಕೊಂಡೆ.

ನನ್ನ ತಮ್ಮ ರತನನ ಹೆಂಡತಿ ದಿವ್ಯಾ ಹೆತ್ತಾಗ ಮನೆಯವಳೇ ಮೀಯಿಸದಿದ್ದರೆ ಹೇಗೆ ಎಂದು ಅಬ್ಬಿ ಹಂಡೆಗೆ ಬೆಂಕಿ ಹಾಕಿದಳು. ಎರಡು ದಿನ ಕಳೆಯುವಷ್ಟರಲ್ಲಿ ದಿವ್ಯಾ ನನ್ನ ಹತ್ತಿರ ದೂರು ತಂದಳು.

“ಅತ್ತಿಗೆ, ನೀವೇ ಹೇಳಿ. ಅತ್ತೆ ಹೊಯ್ಯು ನೀರಿಗ್ ಮೈ ಬೆಚ್ಚ ಆಪುದೇ ಇಲ್ಲೆ. ಹೊಯ್ಯುಕ್ ಮುಂಚೆಯೇ ಸಾಕಾ, ಸಾಕಾ ಅಂತ ಕೇಂತ್ರ್.”

ನಾನು ಅಬ್ಬಿಯನ್ನು ಛೇಡಿಸಿದೆ. “ಎಂತ ಅಬ್ಬಿ, ಬಾಳಂತಿಗ್ ನಲ್ಲಿ ನೀರ್ ಹೊಯ್ಯುದಾ?” ಅಬ್ಬಿ ನಕ್ಕಳು. “ವಯಸ್ಸಾಯ್ತಲೇ” ಎಂದಳು. ಮರುದಿನದಿಂದ ಬೇರೆ ಹೆಂಗಸನ್ನು ಕರೆಸಿದರು. ಅಬ್ಬಿ ಹೊರಗೆ ಜಗಲಿಯಲ್ಲಿ ಕೂತು ಬಚ್ಚಲಿನ ಸದ್ದು ಕೇಳುತ್ತಿದ್ದಳು.

ಎರಡು ಸಾವಿರದ ಹದಿನೇಳರ ಹೊತ್ತಿಗೆ ಹೆದ್ದಾರಿ ಅಗಲವಾಗಿ, ಸಾಸ್ತಾನದಲ್ಲಿ ಟೋಲ್ ಬಂದಿತ್ತು. ಆ ವರ್ಷ ಅಬ್ಬಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಎದ್ದು ನಿಲ್ಲುವ ಹಾಗಿರಲಿಲ್ಲ. ದಿವ್ಯಾ ಮೈ ಒರೆಸಲು ಹೋದರೆ ಬೇಡ ಎಂದು ಸೆರಗು ಹಿಡಿದುಕೊಂಡು ಹಟ ಮಾಡುತ್ತಿದ್ದಳಂತೆ. ನಾನು ಹೋದೆ. ಕುರ್ಚಿಯ ಮೇಲೆ ಕೂರಿಸಿ ಬಚ್ಚಲಿಗೆ ತಂದೆ. ನನಗೂ ಹಟ ಮಾಡಿದಳು.

“ನಿನ್ ಹೊಟ್ಟಿಯಿಂದ ಬಂದದ್ದಲ್ದಾ ನಾನ್, ನನ್ನತ್ರ ಎಂತ ನಾಚ್ಗಿ” ಎಂದು ಗದರಿ ಸೀರೆ ಬಿಡಿಸಿದೆ.

ಎಡ ಎದೆಯ ಮೇಲೆ ಅಂಗೈಯಗಲದ ಒಂದು ಗುಂಡನೆಯ ಕಲೆ. ಚರ್ಮ ಸುಕ್ಕುಗಟ್ಟಿ, ನಡುವೆ ಬೆಳ್ಳಗೆ, ಅಂಚಿನಲ್ಲಿ ಕಪ್ಪಗೆ. ಸುಟ್ಟು ಮಾಯ್ದ ಕಲೆ. ಆ ಆಕಾರವನ್ನು ನಾನು ಮರೆಯುವ ಹಾಗಿಲ್ಲ. ತೌಡಿನ ಗಂಟಿನ ತಳದ ಆಕಾರ.

“ಇದೆಂತ ಅಬ್ಬಿ?”

“ಹಳೇದ್.”

“ಏಗಳಿಂದ್?”

ಅವಳು ಒಲೆಯ ಕಡೆ ನೋಡುತ್ತ ಕೂತಳು. “ನೀ ಚೆಕಪ್ ಅಂತ ಹೋದ್ಯಲೇ, ಆ ದಿನದ್.”

ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟೆ.

“ಗಂಟ್ ತೆಗ್ದಾಗ್ಳೇ ಕಂಡಿದ್ದೆ ಮಗಾ. ಬಣ್ಣ ಬ್ಯಾರೆ ಇದ್ದಿತ್. ನೀ ಎಂತದೂ ಹೇಳ್ಲಿಲ್ಲೆ, ನಂಗೂ ಕೇಂಬ್ಕೆ ಹೆದ್ರಿಕಿ ಆಯ್ತ್. ನೀ ಹೋದ್ಮೇಲೆ ಅದೇ ಗಂಟ್ ಬಿಸಿ ಮಾಡಿ ನಾನೇ ಇಟ್ಕಂಡೆ. ಏಗಳ್ ಸಾಕ್ ಅನ್ಸತ್ತ್ ಕಾಂಬ ಅಂತ.”

“ಏಗಳ್ ಅನ್ಸ್ತ್?”

“ಇಟ್ಟ್ ಕೂಡ್ಲೇ.”

“ಮತ್ತೆಂತಕ್ ತೆಗಿಲಿಲ್ಲೆ?”

“ನಿಂಗ್ ಇಟ್ಟಷ್ಟ್ ಹೊತ್ತ್ ಇಟ್ಕಂಬ್ಕಲೇ” ಎಂದಳು, ಇದೇನು ಕೇಳುವ ಮಾತೇ ಎನ್ನುವ ಹಾಗೆ. ಆಮೇಲೆ, “ಅಷ್ಟ್ ಉರಿ ನೀ ಹ್ಯಾಂಗ್ ತಡ್ಕಂಡೆ ಮಗಾ? ನನ್ ಮನ್ಸಿಗ್ ಬೇಜಾರ್ ಆತ್ತ್ ಅಂತ ಬಾಯ್ ಮುಚ್ಕಂಡ್ ತಡ್ಕಂಡ್ಯಾ? ಇಷ್ಟ್ ವರ್ಷ ಅದೇ ಲೆಕ್ಕ ಹಾಕ್ತಿದ್ದೆ ನಾನ್” ಎಂದಳು.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ಇಲ್ಲೆ ಅಬ್ಬಿ. ನಂಗೆ ಅಲ್ಲಿ ಎಂತದೂ ಗೊತ್ತಾತಿರ್ಲಿಲ್ಲೆ. ಆಪರೇಷನ್ ಆದಲ್ಲಿಂದ್ಲೂ ಗೊತ್ತಾತಿರ್ಲಿಲ್ಲೆ. ನಿನ್ನತ್ರ ಸುಳ್ಳ್ ಹೇಳಿದ್ದೆ. ಒಂಚೂರೂ ಉರಿಲಿಲ್ಲೆ ಅಬ್ಬಿ, ದೇವ್ರಾಣೆ.”

ಅಬ್ಬಿ ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ದಪ್ಪ ಅಂಗೈ.

“ಇರ್ಲಿ ಬಿಡ್” ಎಂದಳು. “ನನ್ನ ಸಮಾಧಾನಕ್ ಈಗ್ಲೂ ಸುಳ್ಳ್ ಹೇಳ್ಬೇಡ.”

ನಾನು ಆಣೆಯ ಮೇಲೆ ಆಣೆ ಇಟ್ಟೆ. ಲೀಲಾಧರನನ್ನು ಕೇಳು ಎಂದೆ, ಡಾಕ್ಟರಮ್ಮನನ್ನು ಕೇಳು ಎಂದೆ. ಅವಳು ಹೂಂ ಹೂಂ ಎಂದಳು, ಅಳುವ ಮಗುವಿಗೆ ಹೂಂಗುಟ್ಟುವ ಹಾಗೆ. ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಕೀವಿನ ಸುಳ್ಳನ್ನು ಅವಳು ಗೌರವದಿಂದ ನಂಬಿದ ಹಾಗೆ ನಟಿಸಿದ್ದಳು, ನಾನು ಹೇಳಿದ ಒಂದೇ ಒಂದು ನಿಜ ಅವಳಿಗೆ ಸುಳ್ಳಾಗಿ ಕೇಳಿಸಿತು. ಮಾರ್ಕೆಟ್ಟಿನಲ್ಲಿ ಹಳಸಿದ ಮೀನನ್ನೂ ತಾಜಾ ಎಂದು ನಂಬಿಸಿದ ಬಾಯಿ ಇದು. ಅವಳ ಮುಂದೆ ಕೆಲಸಕ್ಕೆ ಬರಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಒಲೆ ಆರಿಹೋಗಿತ್ತು. ಮೀಯಿಸದೆ ಎಬ್ಬಿಸುವ ಹಾಗಿರಲಿಲ್ಲ. ಹಂಡೆಯಿಂದ ನೀರು ತೋಡಿ ನನ್ನ ಮೊಣಕೈಗೆ ಹೊಯ್ದು, ಸುಡುವುದಿಲ್ಲ ಎಂಬುದನ್ನಷ್ಟೇ ನೋಡಿಕೊಂಡು ಅವಳ ಹೆಗಲಿಗೆ ಹೊಯ್ದೆ.

“ಸಾಕ್ ಮಗಾ” ಎಂದಳು.

ಇನ್ನೊಂದು ತಂಬಿಗೆ ಹೊಯ್ದೆ.

“ಸಾಕ್, ಬಿಸಿ ಸಮಾ ಇತ್ತ್. ಸಾಕ್.”

ಪ್ರತಿ ತಂಬಿಗೆಗೂ ಹೇಳಿದಳು, ನನ್ನ ಕೈ ಎಲ್ಲಿಯೂ ತಪ್ಪಬಾರದೆಂದು, ಮುಂದೆ ಎಂದಾದರೂ ಕೂತು ಲೆಕ್ಕ ಹಾಕುವ ಕೆಲಸ ನನಗೆ ಉಳಿಯಬಾರದೆಂದು. ನೀರು ಯಾವಾಗಲೋ ತಣ್ಣಗಾಗಿತ್ತು. ಅವಳ ಮೈ ಚಳಿಗೆ ನಡುಗುತ್ತಿತ್ತು.